ನ್ಯಾಚೆಜ್‌ನಲ್ಲಿ ಒಂದು ದಿನ ಸೈಕಲ್‌ಗೆ ರಜೆ: ಮಂಡಿ ನೋವು, ಪಂಖಾ, ಹತ್ತಿ

ಆಸ್ಟಿನ್ ಸವಾರ (ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲಿ ಸಲಹೆ ಕೇಳಿದ್ದೆನಲ್ಲ, ಆಸ್ಟಿನ್‌ನಿಂದ ನ್ಯಾಶ್‌ವಿಲ್‌ಗೆ ಸೈಕಲ್‌ನಲ್ಲಿ ಹೋಗ್ತೀವಿ ಅಂತ, ಆ ಪ್ರವಾಸದ ಹದಿಮೂರನೇ ದಿನ ಇವತ್ತು. ನಾನು ಮತ್ತು ನಮ್ಮ ಭಾವ, ಇಬ್ಬರೇ. ಟೆಕ್ಸಾಸ್‌ನ ನವಸೋಟಾ, ಕೋಲ್ಡ್‌ಸ್ಪ್ರಿಂಗ್, ಸಿಲ್ಸ್‌ಬೀ ದಾಟಿ ಲೂಯಿಸಿಯಾನಾಕ್ಕೆ ಬಂದೆವು. ಮಮೂ ಊರಿನ ಸುತ್ತ ಎರಡೂ ಕಡೆ ಭತ್ತದ ಗದ್ದೆ, ಒಂದು ಗಳಿಗೆ ಗಂಗಾವತಿ ಕಡೆ ಹೋಗ್ತಾ ಇದ್ದೀವೇನೋ ಅನ್ನಿಸಿತು. ಆಮೇಲೆ ಆಡುಬಾನ್ ಸೇತುವೆ ಮೇಲೆ ಮಿಸಿಸಿಪ್ಪಿ ನದಿ ದಾಟಿ ಸೇಂಟ್ ಫ್ರಾನ್ಸಿಸ್‌ವಿಲ್, ಅಲ್ಲಿಂದ ಉತ್ತರಕ್ಕೆ ತಿರುಗಿ ನಿನ್ನೆ ಸಂಜೆ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್. ಮೀಟರ್‌ನಲ್ಲಿ 934 ಕಿ.ಮೀ. ಇದೆ.

ಇವತ್ತು ಸೈಕಲ್‌ಗೆ ರಜೆ. ಭಾವನ ಬಲ ಮಂಡಿ ಮೂರು ದಿನದಿಂದ ನೋಯ್ತಾ ಇದೆ. ನಿನ್ನೆ ಊರಿಗೆ ಹತ್ತುವ ದಿಣ್ಣೆಯಲ್ಲಿ ಒಂದೇ ಕಾಲಲ್ಲಿ ತುಳೀತಾ ಬಂದರು. ಆದರೂ ಬೆಳಿಗ್ಗೆ ಎದ್ದವರೇ "ನೋಡಪ್ಪಾ, ತುಳೀತಾ ತುಳೀತಾ ಸರಿಹೋಗುತ್ತೆ, ಹೊರಡೋಣ" ಅಂದರು. "ಭಾವ, ಇವತ್ತು ನಿಮ್ಮ ಸೈಕಲ್ ಬೀಗದ ಕೀ ನನ್ನ ಹತ್ರ ಇರಲಿ" ಅಂತ ಇಸ್ಕೊಂಡೆ. ಅವರಿಗೆ ಸ್ವಲ್ಪ ಬೇಜಾರಾಯ್ತು. ಮುಂದೆ 715 ಕಿ.ಮೀ. ಇದೆ, ನಡುವೆ ಮಂಡಿ ಪೂರ್ತಿ ಕೈಕೊಟ್ಟರೆ ಕಾಡಿನ ರಸ್ತೆಯಲ್ಲಿ ಏನು ಮಾಡೋದು?

ಮೊದಲು ಮನೆಗೆಲಸ ಮುಗಿಸಿದೆವು. ನಾಣ್ಯ ಹಾಕುವ ಲಾಂಡ್ರಿಯಲ್ಲಿ ಬಟ್ಟೆ. ಮೋಟೆಲ್ ಹಿತ್ತಲಲ್ಲಿ ಹಳೇ ಬನಿಯನ್ ಹರಿದು ಚೈನ್ ಒರೆಸಿದೆವು. ಲೂಯಿಸಿಯಾನಾದ ಮಣ್ಣು ಚೈನ್‌ನ ಒಂದೊಂದು ಕೊಂಡಿಯಲ್ಲೂ ಅಂಟಿನ ಹಾಗೆ ಕೂತಿತ್ತು. ನನ್ನ ಹಿಂದಿನ ಚಕ್ರದ ಒಂದು ಕಡ್ಡಿ ಐದನೇ ದಿನವೇ ತುಂಡಾಗಿತ್ತು, ಹೊರಡುವ ಮುಂಚೆ ಚಕ್ರ ಬಿಗಿ ಮಾಡಿಸಿದ ಅಂಗಡಿಯಲ್ಲಿ ಸರಿಯಾಗಿ ನೋಡಿರಲಿಲ್ಲ. ಇವತ್ತು ಎಲ್ಲ ಕಡ್ಡಿಗಳನ್ನೂ ಬೆರಳಲ್ಲಿ ಮೀಟಿ ಸದ್ದು ಕೇಳಿ ನೋಡಿದೆ. ಎರಡು ಸಡಿಲ ಇದ್ದವು, ಬಿಗಿ ಮಾಡಿದೆ.

ಆಮೇಲೆ ಊರು ನೋಡೋಕೆ ಹೋದೆವು. ಈ ಊರು ನದಿ ಪಕ್ಕದ ಎತ್ತರದ ಗುಡ್ಡದ ಅಂಚಲ್ಲಿ ಇದೆ, ನದಿಯಿಂದ ಸುಮಾರು 200 ಅಡಿ ಮೇಲೆ. ಅಂಚಿನ ಉದ್ದಕ್ಕೂ ಪಾರ್ಕು. ಕೆಳಗೆ ಕಂದು ಬಣ್ಣದ ಮಿಸಿಸಿಪ್ಪಿ, ಆಚೆ ದಡದಲ್ಲಿ ಲೂಯಿಸಿಯಾನಾದ ವಿಡಾಲಿಯಾ ಊರು, ನಡುವೆ ಜೋಡಿ ಸೇತುವೆ. ದೊಡ್ಡ ದೊಡ್ಡ ಓಕ್ ಮರಗಳಿಂದ ಬೂದು ಬಣ್ಣದ ಜಡೆ ಜೋತಾಡ್ತಾ ಇರುತ್ತೆ, ಸ್ಪ್ಯಾನಿಷ್ ಮಾಸ್ ಅಂತಾರೆ. ನಿಜವಾಗಿ ಅದು ಪಾಚಿ ಅಲ್ಲ, ಅನಾನಸ್ ಕುಟುಂಬದ ಗಿಡ. ಬಿಳಿ ಕಂಬದ ಬಂಗಲೆಗಳಂತೂ ಬೀದಿ ಬೀದಿಗೂ. ಇಷ್ಟು ಚೆಂದದ ಊರು ಈ ಪ್ರವಾಸದಲ್ಲಿ ಇನ್ನೊಂದು ನೋಡಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಂದೆ ಹೇಳೋದು ಬೇರೆ ಥರ ಇದೆ.

ಮಧ್ಯಾಹ್ನ ಮೆಲ್ರೋಸ್ ಅನ್ನೋ ಬಂಗಲೆಗೆ ಹೋದೆವು. 1840ರ ದಶಕದಲ್ಲಿ ಕಟ್ಟಿದ್ದು, ಈಗ ನ್ಯಾಷನಲ್ ಪಾರ್ಕ್‌ನವರು ನೋಡಿಕೊಳ್ಳುತ್ತಾರೆ. ಊಟದ ಕೋಣೆಗೆ ಕಾಲಿಟ್ಟ ತಕ್ಷಣ ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೇಜಿನ ಮೇಲೆ ಚಾವಣಿಯಿಂದ ಒಂದು ದೊಡ್ಡ ಮರದ ಹಲಗೆ ಇಳಿಬಿಟ್ಟಿದ್ದಾರೆ. ಮಹಾಗನಿ ಮರ, ಅಂಚಿಗೆ ಕೆತ್ತನೆ, ಅಷ್ಟು ದೊಡ್ಡದನ್ನು ಹೊತ್ತು ತಂದು ನೇತುಹಾಕೋಕೇ ನಾಲ್ಕೈದು ಜನ ಬೇಕು. ಅದಕ್ಕೆ ಹಗ್ಗ. ಗೈಡ್ ಅಮ್ಮ ಅದರ ಹೆಸರು ಹೇಳಿದರು: ಪಂಖಾ! ನಮ್ಮ ಅಜ್ಜಿ ಗುಲ್ಬರ್ಗದವರು, ಫ್ಯಾನಿಗೆ ಕೊನೇವರೆಗೂ ಪಂಖಾ ಅಂತಲೇ ಹೇಳ್ತಿದ್ದರು. ಅದೇ ಶಬ್ದ ಮಿಸಿಸಿಪ್ಪಿಯ ಒಂದು ಮನೆಯಲ್ಲಿ ಕೇಳಿದಾಗ ಮೈ ಜುಂ ಅಂತು. ಹಗ್ಗ ಎಲ್ಲಿಗೆ ಹೋಗುತ್ತೆ ಅಂತ ಕಣ್ಣಲ್ಲೇ ಹಿಂಬಾಲಿಸಿದೆ. ಊಟದ ಹೊತ್ತೆಲ್ಲ ಅದನ್ನ ಹಿಡಿದು ಎಳೀತಾ ನಿಲ್ಲೋದು ಗುಲಾಮರ ಮನೆಯ ಒಂದು ಮಗುವಿನ ಕೆಲಸ. ಜೋರಾಗಿ ಎಳೆದರೆ ಮೇಣದ ಬತ್ತಿ ಆರುತ್ತೆ, ಮೆಲ್ಲಗೆ ಎಳೆದರೆ ನೊಣ ಕೂರುತ್ತೆ. ಮೇಜಿನ ಮೇಲಿದ್ದ ಪಿಂಗಾಣಿ, ಬೆಳ್ಳಿ ಯಾವುದೂ ಆಮೇಲೆ ನನ್ನ ತಲೆಗೆ ಹೋಗಲೇ ಇಲ್ಲ.

ವಾಪಸ್ ಬರುವಾಗ ಫೋರ್ಕ್ಸ್ ಆಫ್ ದಿ ರೋಡ್‌ಗೆ ಹೋದೆವು. ಪೇಟೆಯಿಂದ ಒಂದು ಮೈಲಿ ದೂರ. ರಸ್ತೆ ಕವಲೊಡೆಯುವ ಜಾಗದಲ್ಲಿ ಒಂದು ತುಂಡು ಹುಲ್ಲು, ನಾಲ್ಕಾರು ಫಲಕ, ಅಷ್ಟೇ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಈ ದಕ್ಷಿಣ ಸೀಮೆಯ ಅತಿ ದೊಡ್ಡ ಗುಲಾಮರ ಸಂತೆ ನಡೀತಿದ್ದ ಜಾಗ ಅದು. ನೆಲದಲ್ಲಿ ಕಾಂಕ್ರೀಟ್ ಹಾಕಿ ಅದರಲ್ಲಿ ಕೈಕೋಳ, ಕಾಲ್ಕೋಳ, ಸರಪಳಿ ಹುದುಗಿಸಿದ್ದಾರೆ. ಭಾವ ಕೂತು ನೋಡೋಣ ಅಂತ ಮಂಡಿ ಬಗ್ಗಿಸೋಕೆ ಹೋದರು, ಆಗಲಿಲ್ಲ, ಹಾಗೇ ನಿಂತುಕೊಂಡರು. ನಾನು ಕೂತು ನೋಡಿದೆ. ಒಂದು ಬಳೆ ತುಂಬಾ ಸಣ್ಣದಿತ್ತು. ಪಕ್ಕದಲ್ಲಿ ಕಾರುಗಳು ಹೋಗ್ತಾನೇ ಇದ್ದವು. ನಾವೂ ಸೈಕಲ್ ಮೇಲೆ ಇದ್ದಿದ್ದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಊರು ದಾಟೋ ಆತುರದಲ್ಲಿ ಹೋಗಿಬಿಡ್ತಿದ್ವಿ.

ಸರಿ, ಈಗ ಪ್ರಶ್ನೆ. ನಾಳೆ ಬೆಳಿಗ್ಗೆ ನ್ಯಾಚೆಜ್ ಟ್ರೇಸ್ ಹಿಡೀಬೇಕು ಅಂತ ಲೆಕ್ಕ, ಹಳೇ ಕಾಲುದಾರಿಯ ಜಾಡಿನಲ್ಲಿ ಇಲ್ಲಿಂದ ನ್ಯಾಶ್‌ವಿಲ್ ಕಡೆಗೆ ಹೋಗುವ ರಸ್ತೆ ಅದು. ಮಂಡಿ ಅರ್ಧ ವಾಸಿ. ಹೊರಡೋದಾ, ಇನ್ನೊಂದು ದಿನ ಉಳಿಯೋದಾ? ಟ್ರೇಸ್‌ನಲ್ಲಿ ಹೋದವರು ಯಾರಾದರೂ ಇದ್ದರೆ ಹೇಳಿ.

ಚೈನ್ ಎಣ್ಣೆ (ರಾತ್ರಿ 10:15)

ಉಳಿಯಿರಿ. ಮಂಡಿ ವಿಷಯದಲ್ಲಿ ಅರ್ಧ ವಾಸಿ ಅನ್ನೋದು ಇಲ್ಲ.

ನೋವು ಎಲ್ಲಿದೆ ಅಂತ ನೀವು ಬರೆದಿಲ್ಲ. ಮಂಡಿಚಿಪ್ಪಿನ ಮುಂದೆ ಇದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಥವಾ ಭಾರದ ಗೇರ್‌ನಲ್ಲಿ ಬಲವಂತವಾಗಿ ತುಳೀತಿದ್ದಾರೆ ಅಂತ ಅರ್ಥ. ಹಿಂಬದಿಯಲ್ಲಿ ಇದ್ದರೆ ಸೀಟು ಎತ್ತರ ಜಾಸ್ತಿ. ಮುಂದೆ ನೋವಾದರೆ ಸೀಟನ್ನ ಎರಡು ಮೂರು ಮಿಲಿಮೀಟರ್ ಮಾತ್ರ ಏರಿಸಿ, ಒಂದೇ ಸಲ ಒಂದು ಇಂಚು ಏರಿಸಬೇಡಿ. ಆಮೇಲೆ ಒಂದು ಗೇರ್ ಹಗುರ ಮಾಡಿ ಬೇಗ ಬೇಗ ತುಳಿಯಲಿ. ದಿನವಿಡೀ ಮಲಗೋದೂ ಬೇಡ, ಕಾಲು ಬಿಗಿದುಕೊಳ್ಳುತ್ತೆ. ನೀವು ಇವತ್ತು ಮಾಡಿದ ಹಾಗೆ ನಿಧಾನವಾಗಿ ಓಡಾಡೋದೇ ಸರಿ. ಹೊಟ್ಟೆ ತುಂಬಾ ಊಟ ಮಾಡಿ. ಹನ್ನೆರಡು ದಿನ ತುಳಿದ ಕಾಲಲ್ಲಿ ಸೇರಿಸಿಟ್ಟ ಸಕ್ಕರೆ ಎಲ್ಲ ಖಾಲಿ ಆಗಿರುತ್ತೆ, ಅದು ತುಂಬೋಕೆ ಒಂದು ಪೂರ್ತಿ ದಿನ ಬೇಕೇ ಬೇಕು.

ನಾನು ಬೆಂಗಳೂರಲ್ಲಿ ಬ್ರೆವೆ, ಅಂದ್ರೆ ಗೊತ್ತಾದ ಗಂಟೆಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವನು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, ಅದರಲ್ಲಿ ನಿಲ್ಲೋ ಮಾತೇ ಇಲ್ಲ. ಆ ಅಭ್ಯಾಸವನ್ನೇ ಪ್ರವಾಸಕ್ಕೂ ತಂದು ಒಂದು ಸಲ ಕೆಟ್ಟೆ. ಕನ್ಯಾಕುಮಾರಿಗೆ ಹೋಗುವಾಗ ಮಧುರೈಯಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ತಿರುನೆಲ್ವೇಲಿಯಿಂದ ರೈಲು ಹತ್ತಿ ವಾಪಸ್ ಬಂದೆ. ಎರಡು ತಿಂಗಳು ಮೆಟ್ಟಿಲು ಹತ್ತೋಕೂ ಆಗುತ್ತಿರಲಿಲ್ಲ. ನಿಮ್ಮ ಭಾವನಿಗೆ ಇದನ್ನ ಓದಿ ಹೇಳಿ.

ನ್ಯಾಶ್‌ವಿಲ್ ಅಕ್ಕ (ರಾತ್ರಿ 10:52)

ನಾನು ಮತ್ತು ನಮ್ಮ ಯಜಮಾನರು ನಾಲ್ಕು ವರ್ಷದ ಹಿಂದೆ ಟ್ರೇಸ್ ಪೂರ್ತಿ ಮಾಡಿದೆವು, ನೀವು ಹೋಗುವ ದಿಕ್ಕಲ್ಲೇ. 444 ಮೈಲಿ, ಒಂಬತ್ತು ದಿನ. ಲಾರಿಗಳಿಗೆ ಪ್ರವೇಶ ಇಲ್ಲ, ಜಾಹೀರಾತು ಫಲಕ ಇಲ್ಲ, ಅಂಗಡಿ ಇಲ್ಲ, ಟ್ರಾಫಿಕ್ ಸಿಗ್ನಲ್ ಇಲ್ಲ. ಕಾರುಗಳಿಗೆ ಗಂಟೆಗೆ 50 ಮೈಲಿ ಮಿತಿ. ಆದರೆ ರಸ್ತೆ ಪಕ್ಕಕ್ಕೆ ಸರಿಯೋಕೆ ಅಂಚಿನ ಜಾಗ ಇಲ್ಲ, ಅದನ್ನ ಮರೀಬೇಡಿ. ಬಣ್ಣ ಎದ್ದು ಕಾಣುವ ಬಟ್ಟೆ, ಹಿಂದೆ ಕೆಂಪು ದೀಪ ಹಗಲಲ್ಲೂ ಇರಲಿ, ಒಬ್ಬರ ಹಿಂದೆ ಒಬ್ಬರು ಹೋಗಿ. ಜಾಕ್ಸನ್ ಹತ್ತಿರ ಮತ್ತು ಟುಪೆಲೋ ಹತ್ತಿರ ಬೆಳಿಗ್ಗೆ ಸಂಜೆ ಕೆಲಸಕ್ಕೆ ಹೋಗುವವರ ಕಾರು ಜಾಸ್ತಿ, ಆ ಹೊತ್ತು ತಪ್ಪಿಸಿ. ಜಾಕ್ಸನ್ ಪಕ್ಕದ ರಿಡ್ಜ್‌ಲ್ಯಾಂಡ್‌ನಲ್ಲಿ ಸೈಕಲ್‌ಗೆ ಪ್ರತ್ಯೇಕ ದಾರಿ ಇದೆ, ಅದನ್ನ ಹಿಡೀರಿ. ನೀರು ಸಿಕ್ಕ ಕಡೆ ಎಲ್ಲ ಬಾಟಲಿ ತುಂಬಿಸಿಕೊಳ್ಳಿ, ಮುಂದೆ ಸಿಗುತ್ತೆ ಅಂತ ಬಿಡಬೇಡಿ. ತಿಂಡಿಗೆ ಟ್ರೇಸ್ ಬಿಟ್ಟು ಪಕ್ಕದ ಊರಿಗೆ ಇಳೀಲೇಬೇಕು. ಸೈಕಲ್‌ನವರಿಗೆ ಮಾತ್ರ ಅಂತಲೇ ಕೆಲವು ಕ್ಯಾಂಪ್ ಜಾಗ ಇವೆ, ರೇಂಜರ್ ಹತ್ತಿರ ನಕ್ಷೆ ಕೇಳಿ.

ನಿಮ್ಮ ಬರಹ ಓದಿ ನನಗೆ ಹೊಟ್ಟೆ ಉರೀತಾ ಇದೆ, ನಿಜ ಹೇಳ್ತೀನಿ. ನಾವು ನ್ಯಾಚೆಜ್‌ಗೆ ಕಾರಲ್ಲಿ ಬಂದು ಇಳಿದು, ಸೊನ್ನೆ ಮೈಲಿಯ ಫಲಕದ ಮುಂದೆ ಫೋಟೋ ತೆಗೆಸಿಕೊಂಡು, ಅರ್ಧ ಗಂಟೆಯಲ್ಲಿ ಹೊರಟೆವು.

ಒಂದು ವಿಷಯ. ನೀವು ಆ ಮರದ ಜಡೆ ಬಗ್ಗೆ ಬರೆದಿರಿ. ನದಿ ಅಂಚಿನ ಪಾರ್ಕಿನಲ್ಲಿ ರಿದಂ ನೈಟ್ ಕ್ಲಬ್ ಅಂತ ಒಂದು ಸ್ಮಾರಕ ಫಲಕ ಇದೆ, ನಾಳೆ ಇದ್ದರೆ ನೋಡಿ. 1940ರ ಏಪ್ರಿಲ್ 23ರ ರಾತ್ರಿ ಕಪ್ಪು ಜನರ ಒಂದು ನೃತ್ಯದ ಹಾಲ್‌ಗೆ ಬೆಂಕಿ ಬಿದ್ದು 209 ಜನ ಸತ್ತರು. ಅಲಂಕಾರಕ್ಕೆ ಅಂತ ಚಾವಣಿಗೆ ಅದೇ ಜಡೆಯನ್ನ ಒಣಗಿಸಿ ತೂಗುಹಾಕಿದ್ದರು, ಹುಳ ಬಾರದಿರಲಿ ಅಂತ ಔಷಧಿ ಹೊಡೆದಿದ್ದರು. ಕಿಟಕಿಗಳಿಗೆ ಹಲಗೆ ಬಡಿದಿತ್ತು. ಹೊರಗೆ ಬರೋಕೆ ಇದ್ದದ್ದು ಒಂದೇ ಬಾಗಿಲು.

ನ್ಯಾಶ್‌ವಿಲ್‌ಗೆ ಬಂದ ದಿನ ಹೋಟೆಲ್ ಹುಡುಕಬೇಡಿ. ಅನ್ನ, ಸಾರು, ಹಪ್ಪಳ ನಮ್ಮನೇಲಿ.

ಹಾಸನದ ದಾರಿ (ರಾತ್ರಿ 11:30)

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು ಕೇಳಬೇಕು ಅನ್ನಿಸ್ತು, ಬೇಜಾರು ಮಾಡ್ಕೋಬೇಡಿ. ಆ ಬಂಗಲೆಗಳಿಗೆ ನಾವು ಟಿಕೆಟ್ ತಗೊಂಡು ಹೋಗಬೇಕಾ? ನಾನು ಎರಡು ವರ್ಷ ಅಲಬಾಮಾದಲ್ಲಿ ಕೆಲಸದಲ್ಲಿದ್ದೆ. ಅಲ್ಲೊಂದು ಬಂಗಲೆ ನೋಡೋಕೆ ಹೋದಾಗ ಒಂದು ಗಂಟೆ ಪೂರ್ತಿ ಪರದೆ, ಪಿಯಾನೋ, ಮದುವೆ ಬಗ್ಗೆಯೇ ಹೇಳಿದರು. ಅಷ್ಟು ಹತ್ತಿ ಯಾರು ಬಿಡಿಸಿದರು ಅಂತ ಒಂದು ಮಾತಿಲ್ಲ. ಹೊರಗೆ ಬಂದಾಗ ಮನಸ್ಸಿಗೆ ತುಂಬಾ ಕಸಿವಿಸಿ ಆಯ್ತು. ನ್ಯಾಚೆಜ್‌ನಲ್ಲಿ ಇಂಥ ಬಂಗಲೆ ತೋರಿಸುವ ಜಾತ್ರೆ 1932ರಿಂದ ನಡೆದುಕೊಂಡು ಬಂದಿದೆ. ಅದರ ದುಡ್ಡಲ್ಲೇ ಎಷ್ಟೋ ಮನೆಗಳು ಉಳಿದಿವೆ, ಅದೂ ಗೊತ್ತು. ಆದರೂ ನನಗೆ ಫೋರ್ಕ್ಸ್ ಆಫ್ ದಿ ರೋಡ್ ಒಂದೇ ಸಾಕು ಅನ್ನಿಸುತ್ತೆ.

ಆಸ್ಟಿನ್ ಸವಾರ (ರಾತ್ರಿ 11:58)

ಹಾಸನದವರೇ, ಬೇಜಾರು ಯಾಕೆ, ಇದನ್ನೇ ಭಾವನೂ ಕೇಳಿದರು. ನನ್ನ ಅನಿಸಿಕೆ ಇಷ್ಟು. ಆ ಹಗ್ಗವನ್ನ ಕಣ್ಣಾರೆ ನೋಡದೇ ಇದ್ದಿದ್ದರೆ ನನಗೆ ಗುಲಾಮಗಿರಿ ಅನ್ನೋದು ಪುಸ್ತಕದ ಒಂದು ಶಬ್ದವಾಗೇ ಉಳೀತಿತ್ತು. ಹೊಲದಲ್ಲಿ ಹತ್ತಿ ಬಿಡಿಸೋದು, ಚಾಟಿ ಏಟು ಅದೆಲ್ಲ ಓದಿದ್ದೆ. ಮೂರು ಹೊತ್ತೂ ಊಟದ ಮೇಜಿನ ಪಕ್ಕದಲ್ಲಿ ನಿಂತು ಗಾಳಿ ಬೀಸೋ ಮಗು ನನ್ನ ಕಲ್ಪನೆಗೆ ಬಂದಿರಲಿಲ್ಲ. ಮೆಲ್ರೋಸ್‌ನ ಗೈಡ್ ಅಮ್ಮ ಅದನ್ನ ಮುಚ್ಚಿಡಲಿಲ್ಲ, ಹಿತ್ತಲಲ್ಲಿ ಗುಲಾಮರು ಇದ್ದ ಕಟ್ಟಡವನ್ನೂ ತೋರಿಸಿದರು. ಹಾಗೆ ಹೇಳದ ಬಂಗಲೆಗೆ ಹೋಗಬೇಡಿ ಅಂದ್ರೆ ನಾನೂ ನಿಮ್ಮ ಜೊತೆ.

ಅಕ್ಕ, ಹಪ್ಪಳದ ಆಸೆ ತೋರಿಸಿದಿರಿ, ಇನ್ನು ಮಂಡಿ ಬಗ್ಗೆ ಭಾವ ಮಾತೇ ಆಡಲ್ಲ.

ಊಟದ ವಿಷಯ ಬಂತಲ್ಲ, ಬರೆದುಬಿಡ್ತೀನಿ, ಸಸ್ಯಾಹಾರಿಗಳಿಗೆ ಉಪಯೋಗ ಆಗಲಿ. ಇಲ್ಲಿ ಸೊಪ್ಪಿನ ಪಲ್ಯ ಕಂಡ ತಕ್ಷಣ ತಟ್ಟೆಗೆ ಹಾಕಿಸ್ಕೋಬೇಡಿ, ಹಂದಿ ಮಾಂಸದ ತುಂಡು ಹಾಕಿಯೇ ಬೇಯಿಸಿರುತ್ತಾರೆ. ರಾಜ್ಮಾದಲ್ಲೂ ಅಷ್ಟೇ. ಬೆಳಿಗ್ಗೆ ಗ್ರಿಟ್ಸ್ ತಿಂದೆವು, ಮುಸುಕಿನ ಜೋಳದ ರವೆಯನ್ನ ಗಂಜಿ ಥರ ಬೇಯಿಸಿದ್ದು, ಮೇಲೆ ಬೆಣ್ಣೆ. ನಾನು ಒಂದು ಚಮಚ ಉಪ್ಪಿನಕಾಯಿ ಸೇರಿಸಿದೆ, ಬಹಳ ಚೆನ್ನಾಗಿತ್ತು. ಬಿಸ್ಕೆಟ್ ಅಂದ್ರೆ ಇಲ್ಲಿ ನಮ್ಮ ಬಿಸ್ಕತ್ತು ಅಲ್ಲ, ಬಿಸಿ ಬಿಸಿ ಮೆತ್ತನೆ ಬನ್ನು. ಬೆಂಡೆಕಾಯಿಯನ್ನ ಹಿಟ್ಟಲ್ಲಿ ಹೊರಳಿಸಿ ಕರೀತಾರೆ. ಬೆಂಡೆ ಈ ನೆಲಕ್ಕೆ ಆಫ್ರಿಕಾದ ಜನರ ಜೊತೆ ಬಂದದ್ದು. ರಾತ್ರಿಗೆ ಮೋಟೆಲ್ ನಡೆಸುವ ಗುಜರಾತಿ ದಂಪತಿ ಥೇಪ್ಲಾ, ಮೊಸರು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. "ಸೈಕಲ್‌ನಲ್ಲಿ ಟೆಕ್ಸಾಸ್‌ನಿಂದ ಬಂದಿರಾ, ಮನೇಲಿ ಬೈಯಲ್ವಾ?" ಅಂತ ಆ ಅಮ್ಮ ಮೂರು ಸಲ ಕೇಳಿದರು.

ತೀರ್ಮಾನ ಆಯ್ತು. ನಾಳೆ ಉಳೀತೀವಿ.

ಧಾರವಾಡ ಮಂದಿ (ಮರುದಿನ ಬೆಳಿಗ್ಗೆ 7:20)

ಸರ್, ನೀವು ಪಂಖಾ ಅಂದಿರಿ, ನಾನು ಹತ್ತಿ ಅಂತೀನಿ. ನಾವು ಹುಬ್ಬಳ್ಳಿ ಕಡೆಯ ರೈತ ಮನೆತನ. ನಮ್ಮ ಮುತ್ಯಾ ಎರಡು ಥರದ ಹತ್ತಿ ಹೆಸರು ಹೇಳ್ತಿದ್ದರು, ಒಂದು ಜವಾರಿ ಹತ್ತಿ, ಇನ್ನೊಂದು ವಿಲಾಯ್ತಿ ಹತ್ತಿ. ವಿಲಾಯ್ತಿ ಅಂದ್ರೆ ಇಂಗ್ಲೆಂಡ್‌ನದಲ್ಲ, ನೀವು ಈಗ ಕೂತಿರುವ ಸೀಮೆಯ ಹತ್ತಿ! 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಕೆಲವು ಹತ್ತಿ ಬೆಳೆಗಾರರನ್ನ ಸಂಬಳ ಕೊಟ್ಟು ಹಿಂದೂಸ್ತಾನಕ್ಕೆ ಕರೆಸಿತು, ಅಲ್ಲಿಯ ಬೀಜ ಇಲ್ಲಿ ಬೆಳೆಸೋಕೆ. ಬಹಳ ಕಡೆ ಸೋತರು. ನೆಲೆ ನಿಂತದ್ದು ನಮ್ಮ ಧಾರವಾಡ ಸೀಮೆಯಲ್ಲಿ, ಈ ಕರಿ ಮಣ್ಣಲ್ಲಿ. ಪೇಟೆಯಲ್ಲಿ ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರಾಯ್ತು. ಜವಾರಿ ಹತ್ತಿಗೆ ಕುಮಟಾ ಅಂತ ಹೆಸರು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತಲ್ಲ, ಅದಕ್ಕೆ.

ಇನ್ನೊಂದು ವಿಷಯ ಕೇಳಿ. 1861ರಲ್ಲಿ ನಿಮ್ಮ ಕಡೆ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಗಿ ಹತ್ತಿ ಹಡಗು ನಿಂತವು. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಆಗ ನಮ್ಮ ಕಡೆ ಹತ್ತಿ ಬೆಲೆ ಗಗನಕ್ಕೆ ಹೋಯ್ತು, ಜೋಳದ ಹೊಲಕ್ಕೂ ಹತ್ತಿ ಹಾಕಿದರು. 1865ರಲ್ಲಿ ಯುದ್ಧ ಮುಗೀತು, ಬೆಲೆ ನೆಲಕ್ಕೆ ಬಿತ್ತು, ಸಾಲ ಮಾಡಿದ್ದವರು ಹಾಳಾದರು. ನೀವು ಇವತ್ತು ಉಳಿದಿದ್ದರೆ ಲಾಂಗ್‌ವುಡ್ ಅನ್ನೋ ಮನೆ ನೋಡಿ ಬನ್ನಿ. ಅದೇ ಯುದ್ಧಕ್ಕೆ ಅರ್ಧಕ್ಕೆ ನಿಂತ ಮನೆ ಅಂತ ಓದಿದ್ದೇನೆ. ಹೇಗಿದೆ ಅಂತ ಬರೀರಿ, ನನಗೆ ಬಹಳ ದಿನದಿಂದ ಆಸೆ.

ಮೈಸೂರು ಮೇಷ್ಟ್ರು (ಬೆಳಿಗ್ಗೆ 8:05)

ಧಾರವಾಡದವರ ಮಾತು ಓದಿ ಬಹಳ ಸಂತೋಷವಾಯಿತು. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಸೈಕಲ್ ಈಗ ಕುಕ್ಕರಹಳ್ಳಿ ಕೆರೆ ತನಕ ಮಾತ್ರ.

ನ್ಯಾಚೆಜ್‌ನ ಸ್ಟೇಟ್ ಸ್ಟ್ರೀಟ್‌ನಲ್ಲಿ ವಿಲಿಯಂ ಜಾನ್ಸನ್ ಅವರ ಮನೆ ಇದೆ, ಅದನ್ನ ಬಿಡಬೇಡಿ. ಹುಟ್ಟಿದ್ದು 1809ರಲ್ಲಿ, ಗುಲಾಮನಾಗಿ. 1820ರಲ್ಲಿ ಬಿಡುಗಡೆ. ಕ್ಷೌರದ ಅಂಗಡಿ ಇಟ್ಟು ಊರಿನ ಬಿಳಿಯರಿಗೆಲ್ಲ ಕ್ಷೌರ ಮಾಡಿ ಚೆನ್ನಾಗಿ ಸಂಪಾದಿಸಿದರು. 1835ರಿಂದ 1851ರಲ್ಲಿ ಕೊಲೆಯಾಗುವ ತನಕ ದಿನಚರಿ ಬರೆದರು, ಆ ಊರಿನ ದಿನದಿನದ ಬದುಕು ಅದರಲ್ಲಿದೆ. ಅವರೇ ಗುಲಾಮರನ್ನೂ ಇಟ್ಟುಕೊಂಡಿದ್ದರು. ತರಗತಿಯಲ್ಲಿ ಇದನ್ನ ಹೇಳಿದಾಗ ಮಕ್ಕಳು ನಂಬುತ್ತಿರಲಿಲ್ಲ. "ಸಾರ್, ತಾನೇ ಗುಲಾಮನಾಗಿದ್ದವನು ಹೇಗೆ?" ಅಂತ ಕೇಳುತ್ತಿದ್ದರು. ನನ್ನ ಹತ್ತಿರ ಆ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಹಾಸನದವರು ಕೇಳಿದ ಪ್ರಶ್ನೆಗೂ ಇದು ಸೇರುತ್ತದೆ ಅಂತ ನನಗೆ ಅನ್ನಿಸುತ್ತದೆ. ಆ ಊರಲ್ಲಿ ಬಂಗಲೆ ಒಂದು ಕಡೆ, ಸಂತೆ ಒಂದು ಕಡೆ ಅಂತ ಬೇರೆ ಮಾಡಿ ನೋಡೋಕೆ ಆಗುವುದಿಲ್ಲ. ಕ್ಷೌರದ ಅಂಗಡಿಯವರೆಗೂ ಅದು ಹರಡಿಕೊಂಡಿತ್ತು.

ಆಸ್ಟಿನ್ ಸವಾರ (ರಾತ್ರಿ 8:45)

ಇವತ್ತಿನ ದಿನ ನಿಮ್ಮೆಲ್ಲರಿಂದ ತುಂಬಿತು. ಮೇಷ್ಟ್ರೇ, ಜಾನ್ಸನ್ ಅವರ ಮನೆ ಮುಂದೆ ನಿಂತು ನಿಮ್ಮ ಮಾತನ್ನ ಭಾವನಿಗೆ ಓದಿ ಹೇಳಿದೆ. ಇಟ್ಟಿಗೆಯ ಮನೆ, ಬೀದಿಗೆ ಅಂಟಿಕೊಂಡಿದೆ.

ಧಾರವಾಡದವರೇ, ಲಾಂಗ್‌ವುಡ್ ನೋಡಿದೆವು. ಎಂಟು ಮೂಲೆಯ ಮನೆ, ತಲೆ ಮೇಲೆ ಈರುಳ್ಳಿ ಆಕಾರದ ಗುಮ್ಮಟ. ಹೇಲರ್ ನಟ್ ಎಂಬ ಹತ್ತಿ ಧಣಿ 1860ರಲ್ಲಿ ಶುರುಮಾಡಿಸಿದ್ದು. ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು 1861ರಲ್ಲಿ ಯುದ್ಧದ ಸುದ್ದಿ ಕೇಳಿ ಕೈಯಲ್ಲಿದ್ದುದನ್ನ ಅಲ್ಲಲ್ಲೇ ಬಿಟ್ಟು ಊರಿಗೆ ಹೋದರು. ನೆಲಮಾಳಿಗೆ ಮಾತ್ರ ಮುಗೀತು. 1864ರಲ್ಲಿ ಧಣಿ ತೀರಿಕೊಂಡ. ಹೆಂಡತಿ ಮಕ್ಕಳು ಆ ನೆಲಮಾಳಿಗೆಯಲ್ಲೇ ಬಾಳಿದರು. ಕೆಳಗೆ ಸೋಫಾ, ಕನ್ನಡಿ ಎಲ್ಲ ಇದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಬರೀ ಇಟ್ಟಿಗೆ, ತೊಲೆ. ತಲೆ ಎತ್ತಿದರೆ ಗುಮ್ಮಟದವರೆಗೂ ಖಾಲಿ. ಕೆಲಸಗಾರರು ಬಿಟ್ಟುಹೋದ ಪೆಟ್ಟಿಗೆ, ಹತ್ಯಾರು ಅಲ್ಲೇ ಇವೆ. ಹಳೇ ಮರದ ವಾಸನೆ. ನಾನು ಅಲ್ಲಿ ನಿಂತು ನಿಮ್ಮ ಮುತ್ಯಾನನ್ನೇ ನೆನೆದೆ. ಇಲ್ಲಿ ಬಡಿಗ ಸುತ್ತಿಗೆ ಕೆಳಗಿಟ್ಟ ವರ್ಷವೇ ಅಲ್ಲಿ ನಿಮ್ಮ ಹೊಲದಲ್ಲಿ ಜೋಳ ಕಿತ್ತು ಹತ್ತಿ ಹಾಕಿದರು ಅಂತಾಯ್ತಲ್ಲ.

ಆಮೇಲೆ ಗ್ರಾಂಡ್ ವಿಲೇಜ್. ಈ ಊರಿಗೆ ಹೆಸರು ಕೊಟ್ಟ ನ್ಯಾಚೆಜ್ ಜನರ ಮುಖ್ಯ ಹಳ್ಳಿ. ಈಗ ಮೂರು ಮಣ್ಣಿನ ದಿಬ್ಬ, ಹುಲ್ಲು, ಪಕ್ಕದಲ್ಲಿ ತೊರೆ. ಅವರ ದೊರೆಗೆ ಮಹಾಸೂರ್ಯ ಅಂತ ಬಿರುದಿತ್ತು. ಫ್ರೆಂಚರು 1716ರಲ್ಲಿ ಇಲ್ಲಿ ಕೋಟೆ ಕಟ್ಟಿದರು, ತಂಬಾಕಿಗೆ ಜಮೀನು ಕೇಳಿ ಕೇಳಿ ಕೊನೆಗೆ ಅವರ ಇನ್ನೊಂದು ಹಳ್ಳಿಯನ್ನೇ ಬಿಡಿ ಅಂದರು. 1729ರಲ್ಲಿ ನ್ಯಾಚೆಜ್ ಜನ ತಿರುಗಿಬಿದ್ದರು. ಮುಂದಿನ ಎರಡು ವರ್ಷದಲ್ಲಿ ಅವರನ್ನ ಒಕ್ಕಲೆಬ್ಬಿಸಿ, ಸೆರೆಸಿಕ್ಕ ನೂರಾರು ಜನರನ್ನ ಕೆರಿಬಿಯನ್ ದ್ವೀಪಕ್ಕೆ ಗುಲಾಮರಾಗಿ ಮಾರಿದರು. ನಾನು ಇಲ್ಲಿಯ ಕಥೆ ಹತ್ತಿಯಿಂದ ಶುರು ಅಂದುಕೊಂಡಿದ್ದೆ.

ಅಕ್ಕ, ಸಂಜೆ ಪಾರ್ಕಲ್ಲಿ ರಿದಂ ಕ್ಲಬ್ ಫಲಕ ಹುಡುಕಿ ನೋಡಿದೆವು. ಅಲ್ಲಿ ಹೂವು ಇಟ್ಟಿದ್ದರು, ಹೊಸದು.

ಭಾವನ ನೋವು ಮಂಡಿಚಿಪ್ಪಿನ ಮುಂದೇನೇ ಇತ್ತು. ಸೀಟು ಮೂರು ಮಿಲಿಮೀಟರ್ ಏರಿಸಿದ್ದೇವೆ. ಬೀಗದ ಕೀ ವಾಪಸ್ ಕೊಟ್ಟೆ. ನಾಳೆ ಆರು ಗಂಟೆಗೆ ಹೊರಡೋದು.

ಹಾಸನದ ದಾರಿ (ರಾತ್ರಿ 9:30)

ನನ್ನ ಮಾತು ಸ್ವಲ್ಪ ಬದಲಾಯಿಸಿಕೊಳ್ತೀನಿ. ಲಾಂಗ್‌ವುಡ್ ನೋಡಬೇಕು ಅನ್ನಿಸ್ತು, ಅದರ ಮೇಲಿನ ಖಾಲಿ ಅಂತಸ್ತು. ಪರದೆ ಪಿಯಾನೋ ವಿಷಯದಲ್ಲಿ ಮಾತ್ರ ನನ್ನದು ಅದೇ ಮಾತು.

ನ್ಯಾಶ್‌ವಿಲ್ ಅಕ್ಕ (ರಾತ್ರಿ 9:50)

ನಾಳೆ ಮೈಲಿ 10ರ ಹತ್ತಿರ ಎಮರಾಲ್ಡ್ ಮೌಂಡ್‌ಗೆ ತಿರುಗಿ, ಎಂಟು ಎಕರೆ ದಿಬ್ಬ, ಅದೂ ನ್ಯಾಚೆಜ್ ಜನರ ಹಿರೀಕರದ್ದೇ. ಮೈಲಿ 15ರಲ್ಲಿ ಮೌಂಟ್ ಲೋಕಸ್ಟ್. ಪೋರ್ಟ್ ಗಿಬ್ಸನ್ ದಾಟಿದ ಮೇಲೆ ಮೈಲಿ 41ರ ಹತ್ತಿರ ಸಂಕನ್ ಟ್ರೇಸ್. ಅಲ್ಲಿ ಸೈಕಲ್ ನಿಲ್ಲಿಸಿ ಇಳಿದು ನಡೀರಿ, ದಯವಿಟ್ಟು.

ಆಸ್ಟಿನ್ ಸವಾರ (ಎರಡು ದಿನದ ನಂತರ, ಬೆಳಿಗ್ಗೆ 8:10)

ಸಂಕನ್ ಟ್ರೇಸ್‌ನಿಂದಲೇ ಬರೀತಾ ಇದ್ದೀನಿ, ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ.

ನಿನ್ನೆ ಪೋರ್ಟ್ ಗಿಬ್ಸನ್‌ನಲ್ಲಿ ನಿಂತೆವು, 66 ಕಿ.ಮೀ. ಅಷ್ಟೇ. ಬೇಕಂತಲೇ ಕಮ್ಮಿ ಇಟ್ಟುಕೊಂಡೆವು. ಮೌಂಟ್ ಲೋಕಸ್ಟ್ ಸುಮಾರು 1780ರ ಮರದ ಮನೆ, ದಾರಿಹೋಕರ ತಂಗುಮನೆ. ಒಹಾಯೋ ಕಡೆಯ ರೈತರು ದೋಣಿಯಲ್ಲಿ ಹಿಟ್ಟು, ಮಾಂಸ ತುಂಬಿಕೊಂಡು ನದಿಯಲ್ಲಿ ತೇಲಿಕೊಂಡು ಬಂದು, ನ್ಯಾಚೆಜ್‌ನಲ್ಲೋ ನ್ಯೂ ಆರ್ಲಿಯನ್ಸ್‌ನಲ್ಲೋ ಸರಕು ಮಾರಿ, ದೋಣಿಯನ್ನೂ ಮರದ ಬೆಲೆಗೆ ಮಾರಿ, ಈ ದಾರಿಯಲ್ಲಿ ನಡೆದು ಮನೆಗೆ ಹೋಗ್ತಿದ್ದರು. ಆವಿಯ ಹಡಗು ಬಂದ ಮೇಲೆ ನಡೆಯೋರು ಇಲ್ಲವಾದರು. ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ, ವರ್ಜೀನಿಯಾ ಕಡೆಯಿಂದ, ಗುಲಾಮರನ್ನ ಸಾಲಾಗಿ ಸರಪಳಿ ಕಟ್ಟಿ ನಡೆಸಿಕೊಂಡು ಬರ್ತಿದ್ದರು, ಫೋರ್ಕ್ಸ್ ಆಫ್ ದಿ ರೋಡ್‌ಗೆ. ನಾವು ನಿನ್ನೆ ತುಳಿದ 66 ಕಿ.ಮೀ. ಅವರಿಗೆ ಎರಡು ಮೂರು ದಿನದ ನಡಿಗೆ.

ಈಗ ನಾನು ನಿಂತಿರುವ ಜಾಗದಲ್ಲಿ ದಾರಿ ನೆಲದೊಳಗೆ ಇಳಿದಿದೆ. ಇಲ್ಲಿಯ ಮಣ್ಣು ಗಾಳಿ ತಂದು ಸುರಿದ ನುಣುಪು ಮಣ್ಣು, ಕಾಲು, ಗೊರಸು, ಗಾಡಿ ಚಕ್ರಕ್ಕೆ ಸವೆದು ಸವೆದು ಎರಡೂ ಕಡೆ ಗೋಡೆ ಆಗಿದೆ, ನನ್ನ ತಲೆಗಿಂತ ಎಷ್ಟೋ ಮೇಲೆ. ಮರದ ಬೇರುಗಳು ಗೋಡೆಯಿಂದ ಹೊರಗೆ ಚಾಚಿಕೊಂಡಿವೆ. ಭಾವ ಕೆಳಗಿನ ತನಕ ನಡೆದು ಹೋಗಿದ್ದಾರೆ, ಊರುಗೋಲು ಇಲ್ಲ, ಕುಂಟೋದೂ ಇಲ್ಲ. ಗೋಡೆಗೆ ಅಂಗೈ ಒತ್ತಿ ಹಿಡ್ಕೊಂಡು ನಿಂತಿದ್ದಾರೆ. ಕರೆದೆ, ಇನ್ನೂ ಐದು ನಿಮಿಷ ಇರು ಅಂದರು.